ಎಲೆ ನೋಡುವ ಕಣ್ಣಿಗೆ ಸಿಕ್ಕ ನೊಣ

ನಮ್ಮ ನೊಣ ಒಂದಲ್ಲ, ಎರಡು! ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಖಾತ್ರಿಯಾಯಿತು. ನೊಣಗಳನ್ನೇ ಓದುತ್ತ ಕೂದಲು ನೆರೆತವರೊಬ್ಬರು ದೂರದ ಊರಿನಿಂದ ಬರೆದು ತಿಳಿಸಿದ್ದಾರೆ, ಫೋಟೋದಲ್ಲಿರುವವು ಎರಡು ಬೇರೆ ಬೇರೆ ಜಾತಿ, ಅನುಮಾನವೇ ಇಲ್ಲ ಅಂತ. ನನ್ನ ಮೊಮ್ಮಗಳ ಎಂ.ಎಸ್ಸಿ. ಕೆಲಸ ಉಳಿಯಿತು. ಬರೀ ಉಳಿಯಲಿಲ್ಲ, ಗೆದ್ದಿತು.

ಸುದ್ದಿ ಬಂದಾಗ ನಾನು ಬಚ್ಚಲಲ್ಲಿದ್ದೆ. ಮೊಮ್ಮಗಳು ಬಾಗಿಲು ಬಡಿದಳು.

"ಅಜ್ಜಾ, ಎರಡೂ ಆತು! ಎರಡೂ!"

"ಏನ್ ಎರಡ?"

"ನೊಣಾ! ಎರಡೂ ಬ್ಯಾರೆ ಅಂತ! ನೀ ಹೇಳಿದ್ದ ಖರೆ ಆತು!"

ಮೈತುಂಬ ಸೋಪಿತ್ತು. ಹಾಗೆಯೇ ಟವೆಲ್ ಸುತ್ತಿಕೊಂಡು ಹೊರಗೆ ಬಂದುಬಿಟ್ಟೆ. ಆಕೆ ನನ್ನ ಎರಡೂ ಕೈ ಹಿಡಿದು ಅಂಗಳದಲ್ಲಿ ಗರಗರ ತಿರುಗಿಸಿದಳು. ನನಗೆ ಎಪ್ಪತ್ತೊಂದು ವರ್ಷ, ಮೊಣಕಾಲು ನೋವು ಬೇರೆ. ಆದರೂ ತಿರುಗಿದೆ. ಒಳಗಿನಿಂದ ನನ್ನ ಹೆಂಡತಿ ಬಂದು ನೋಡಿ, "ಅಯ್ಯ ಶಿವನ, ಟವಲ್ ಗಟ್ಟಿ ಹಿಡಕೋರಿ" ಅಂದಳು.

ಇದನ್ನೆಲ್ಲ ಬರೆದಿಡು ಅಜ್ಜಾ ಎಂದು ಮೊಮ್ಮಗಳೇ ನೋಟಬುಕ್ಕು ಕೊಟ್ಟಿದ್ದಾಳೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರ ತಪ್ಪಿದಲ್ಲಿ ಆಕೆ ತಿದ್ದಿದ್ದಾಳೆ, ಮಾತು ನನ್ನವೇ.

ಮೊದಲು ನನ್ನ ಕೈಯ ಬಗ್ಗೆ ಹೇಳಬೇಕು. ಸವಣೂರಿನಲ್ಲಿ ನಾನು ಮಾಡಿದ್ದು ವೀಳ್ಯದೆಲೆ ಆಯುವ ಕೆಲಸ. ತೋಟದಿಂದ ಬಂದ ಎಲೆಯ ರಾಶಿಯ ಮುಂದೆ ಕುಳಿತು ಒಂದೊಂದೇ ಎಲೆಯನ್ನು ಬೋರಲು ಮಾಡಿ ಬೆನ್ನು ನೋಡಬೇಕು. ನರ ಎದ್ದು ಕಾಣುವುದು ಬೆನ್ನಿನಲ್ಲಿ. ಅಂಬಾಡಿ ಎಲೆಯೋ ಕರಿ ಎಲೆಯೋ, ಎಳೆಯದೋ ಬಲಿತದ್ದೋ, ರೋಗ ತಗುಲಿದ್ದೋ, ಎಲ್ಲ ನರವೇ ಹೇಳುತ್ತದೆ. ಅನುಮಾನ ಬಂದರೆ ಬೆಳಕಿಗೆ ಅಡ್ಡ ಹಿಡಿಯುವುದು. ಆಮೇಲೆ ಕಟ್ಟು. ಕಟ್ಟಿನಲ್ಲಿ ಅಷ್ಟೂ ಎಲೆಯ ತೊಟ್ಟು ಒಂದೇ ಕಡೆಗಿರಬೇಕು. ಒಂದು ಎಲೆ ತಲೆಕೆಳಗಾಗಿದ್ದರೂ ನನ್ನ ಕೈ ಸುಮ್ಮನಿರುವುದಿಲ್ಲ, ನಾನು ಯಾರ ಜೊತೆಗೋ ಮಾತಾಡುತ್ತಿದ್ದರೂ ಅದು ತಾನೇ ಹೋಗಿ ಎಲೆಯನ್ನು ಸರಿ ಮಾಡಿಬಿಡುತ್ತದೆ. ಈ ಚಟವೇ ಮೊಮ್ಮಗಳ ಕೆಲಸವನ್ನು ಮುಳುಗಿಸಲು ಹೊರಟಿತ್ತು.

ಸಂಕ್ರಾಂತಿ ಮುಗಿದ ವಾರ ಆಕೆ ಧಾರವಾಡದಿಂದ ಒಂದು ಹಳೆಯ ಮೊಬೈಲು, ಅದರ ಕಣ್ಣಿಗೆ ಸಿಕ್ಕಿಸುವ ಒಂದು ಪುಟ್ಟ ಭೂತಗನ್ನಡಿ, ಒಂದು ನೋಟಬುಕ್ಕು ತಂದಳು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೊಲ, ಕೆರೆ, ತೋಟಗಳಲ್ಲಿ ಹೂವಿಗೆ ಬರುವ ಕಾಡು ನೊಣಗಳನ್ನು ಹಿಡಿಯದೆ, ಕೊಲ್ಲದೆ, ಫೋಟೋ ನೋಡಿಯೇ ಗುರುತಿಸಬೇಕು. ಅದು ಆಕೆಯ ಓದಿನ ಕೊನೆಯ ಕೆಲಸ. ಜೊತೆಗೆ ಓಡಾಡಲು ಒಬ್ಬರು ಬೇಕಿತ್ತು. ನಾನು ಎಲೆ ಆಯುವುದು ಬಿಟ್ಟು ಎರಡು ವರ್ಷವಾಗಿತ್ತು, ಖಾಲಿ ಇದ್ದೆ.

"ಮನಿ ನೊಣಾ ಬಿಟ್ರ ಇನ್ಯಾವ ನೊಣಾ ಐತಿ ಯವ್ವಾ?" ಎಂದು ಕೇಳಿದೆ.

"ಅಡವ್ಯಾಗ ಇರೂವ ಹೆಚ್ಚ, ಅಜ್ಜಾ. ನೀ ಇಷ್ಟ ವರ್ಷ ಜೇನ ಅನಕೊಂಡು ಕೈ ಬೀಸಿದ್ದರಾಗ ಅರ್ಧ ನೊಣಾನ."

ಅದು ನಿಜವಾಗಿತ್ತು. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಉಳಿದೆರಡರ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಕಡ್ಡಿ ಇರುತ್ತವೆ. ಮೈಮೇಲೆ ಹಳದಿ ಕಪ್ಪು ಪಟ್ಟೆ ಬಳಿದುಕೊಂಡು ಜೇನಿನ ವೇಷ ಹಾಕುತ್ತವೆ, ಆದರೆ ಕಚ್ಚುವುದಿಲ್ಲ. ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತವೆ, ದಾರ ಕಟ್ಟಿ ತೂಗುಬಿಟ್ಟ ಹಾಗೆ.

ಫೋಟೋ ತೆಗೆಯಲು ಆಕೆ ಒಂದು ಕ್ರಮ ಕಲಿಸಿದಳು. ನಮ್ಮ ನೆರಳು ನೊಣದ ಮೇಲೆ ಬೀಳಬಾರದು. ಮೊದಲು ದೂರದಿಂದ ಒಂದು, ಗಿಡ ಸಹಿತ. ಆಮೇಲೆ ಕುಕ್ಕುರುಗಾಲಲ್ಲಿ ಹತ್ತಿರ ಹೋಗಿ ಮೇಲಿನಿಂದ ಒಂದು, ಮಗ್ಗುಲಿನಿಂದ ಒಂದು, ಎದುರಿನಿಂದ ಮುಖದ್ದು ಒಂದು. ಒತ್ತುವಾಗ ಉಸಿರು ಹಿಡಿಯಬೇಕು. ಮೊಬೈಲು ಪ್ರತಿ ಫೋಟೋಕ್ಕೆ ತಾನೇ ಒಂದು ನಂಬರು ಕೊಡುತ್ತದೆ. ಆ ನಂಬರು, ಊರು, ಗಿಡದ ಹೆಸರನ್ನು ಕೂಡಲೇ ನೋಟಬುಕ್ಕಿನಲ್ಲಿ ಬರೆಯಬೇಕು. ನನ್ನ ಮೊದಲ ದಿನದ ಫೋಟೋಗಳಲ್ಲಿ ಖಾಲಿ ಹೂವೇ ಇದ್ದವು. ಎರಡನೆಯ ದಿನ ನೊಣದ ಹಿಂಭಾಗ. ಮೂರನೆಯ ದಿನ ನನ್ನದೇ ಹೆಬ್ಬೆರಳು.

ನನ್ನ ಹೆಂಡತಿಗೆ ಹಬ್ಬವೋ ಹಬ್ಬ. ಬಾವಿಕಟ್ಟೆಗೆ ಬಂದವರಿಗೆಲ್ಲ ಹೇಳಿದಳು, "ನಮ್ಮನಿಯವ್ರು ಕೆಲಸ ಬಿಟ್ಟ ಮ್ಯಾಲೆ ಮನ್ಯಾಗ ಕುಂತು ನೊಣಾ ಹೊಡಿತಾರ ಅಂತಿದ್ರೆಲ್ಲ ನೀವು? ಈಗ ಅದನ್ನೂ ಬಿಟ್ಟಾರ ನೋಡ್ರಿ. ನೊಣದ ಮುಂದ ಮಣಕಾಲೂರಿ ಫೋಟೋ ಹೊಡಿಯಾಕತ್ಯಾರ."

ನಾಲ್ಕು ಭಾನುವಾರ ನಾಲ್ಕು ದಿಕ್ಕು. ಹಾನಗಲ್ಲ ಕಡೆ ಆಡೂರಿನ ಗದ್ದೆಯ ಬದುವಿನಲ್ಲಿ ಬಗ್ಗಿಕೊಂಡೇ ಮಧ್ಯಾಹ್ನ ಮಾಡಿದೆವು. ಶಿಗ್ಗಾವಿಯ ಮಾವಿನ ತೋಟದಲ್ಲಿ ಹೂವು ಬಿಟ್ಟು ಘಮ್ಮೆನ್ನುತ್ತಿತ್ತು, ಒಂದೊಂದು ಗೊಂಚಲಿಗೆ ಇಪ್ಪತ್ತು ನೊಣ. ಯಲವಿಗಿ ಸ್ಟೇಶನ್ನಿನ ಆಚೆ ಕೊತ್ತಂಬರಿ ಹೊಲ. ಕೊನೆಗೆ ಮಾಸೂರಿನ ಮದಗದ ಕೆರೆ, ಅವತ್ತು ಅಲ್ಲಿ ಮಂಜು ಕರಗಿ ಬಿಸಿಲು ಬೀಳುವಾಗ ಹನ್ನೊಂದು ದಾಟಿತ್ತು. ಮುನ್ನೂರು ಮೀರಿ ಫೋಟೋ ಆದವು. ಪರೀಕ್ಷೆ ಇತ್ತೆಂದು ಮೊಮ್ಮಗಳು ಸೋಮವಾರ ಧಾರವಾಡಕ್ಕೆ ಹೊರಟಳು. ಹೋಗುವಾಗ ಮೊಬೈಲು ನನ್ನ ಕೈಗಿಟ್ಟು, "ಚಲೋವು, ಕೆಟ್ಟಾವು ಬ್ಯಾರೆ ಬ್ಯಾರೆ ಮಾಡಿಡು ಅಜ್ಜಾ. ಶನಿವಾರ ಬಂದು ಲ್ಯಾಪ್‌ಟಾಪಿಗೆ ಹಾಕ್ತೇನಿ" ಅಂದಳು.

ಆಯುವ ಕೆಲಸ ನನಗೆ ಯಾರೂ ಕಲಿಸಬೇಕಾಗಿಲ್ಲ. ಕಟ್ಟೆಯ ಮೇಲೆ ಕುಳಿತು ಶುರುಮಾಡಿದೆ. ಆದರೆ ಫೋಟೋ ಸರಿಸಿದ ಹಾಗೆಲ್ಲ ಕೈ ಕಡಿಯತೊಡಗಿತು. ಒಂದು ನೊಣದ ತಲೆ ಮೇಲಕ್ಕೆ, ಒಂದರದು ಕೆಳಕ್ಕೆ, ಇನ್ನೊಂದರದು ಎಡಕ್ಕೆ. ಇದೇನು ಕಟ್ಟು? ಮೊಬೈಲನ್ನು ತಡವುತ್ತ ತಡವುತ್ತ ಫೋಟೋ ತಿರುಗಿಸುವ ಗುರುತು ಸಿಕ್ಕಿತು. ಅದರ ಪಕ್ಕದಲ್ಲಿಯೇ ಕನ್ನಡಿಯ ಹಾಗೆ ಎಡವನ್ನು ಬಲ ಮಾಡುವ ಗುರುತು. ನನಗೆ ಸ್ವರ್ಗ ಸಿಕ್ಕಿದಂತಾಯಿತು. ಒಂದೊಂದನ್ನೇ ತಿರುಗಿಸಿ, ಅಂಚು ಕತ್ತರಿಸಿ, ಎಲ್ಲ ತಲೆ ಮೇಲೆ, ಚೆನ್ನಾಗಿ ಕಾಣುವ ರೆಕ್ಕೆ ಎಲ್ಲದರಲ್ಲೂ ಬಲಕ್ಕೆ. ಬುಧವಾರದ ಹೊತ್ತಿಗೆ ಮೊಬೈಲು ಜಾಗ ಇಲ್ಲ ಎಂದು ಬರೆದು ತೋರಿಸಿತು. ಸರಿ, ತಿರುಗಿಸಿದ್ದು ಒಂದಿರುವಾಗ ತಿರುಗಿಸದ್ದು ಯಾಕೆ? ಹರಿದ ಎಲೆ ಬುಟ್ಟಿಗೆ ಹಾಕುವ ಹಾಗೆ ಅಳಿಸುತ್ತ ಹೋದೆ. ಮೊಬೈಲಿನೊಳಗೂ ಒಂದು ಕಸದ ಬುಟ್ಟಿ ಇರುತ್ತದೆ. ಅದನ್ನೂ ಅಚ್ಚುಕಟ್ಟಾಗಿ ಖಾಲಿ ಮಾಡಿದೆ.

ಶುಕ್ರವಾರ ಕಟ್ಟು ಮುಗಿಯಿತು. ಮಾಡಿದ ಕೆಲಸದ ಚೆಂದ ನೋಡೋಣವೆಂದು ಹೆಬ್ಬೆರಳಿನಿಂದ ಪಟಪಟ ಸರಿಸಿದೆ. ಮೈಮೇಲೆ ಉದ್ದ ಹಳದಿ ಗೆರೆ, ಹೊಟ್ಟೆಗೆ ಅಡ್ಡ ಪಟ್ಟೆ ಇರುವ ಒಂದು ನೊಣದ ಫೋಟೋ ಬಹಳ ಇದ್ದವು. ಎಲ್ಲ ಊರಿನಲ್ಲೂ ಸಿಕ್ಕಿದ್ದೆಂದು ಮೊಮ್ಮಗಳು ಅದನ್ನು ಒಂದೇ ಜಾತಿ ಎಂದು ಬರೆದುಕೊಂಡಿದ್ದಳು. ತಲೆ ಒಂದೇ ಕಡೆ, ರೆಕ್ಕೆ ಒಂದೇ ಜಾಗದಲ್ಲಿ ಬರುತ್ತಿದ್ದುದರಿಂದ, ಎಷ್ಟು ಸರಿಸಿದರೂ ಒಂದೇ ಫೋಟೋ ನಿಂತ ಹಾಗೆ ಕಾಣುತ್ತಿತ್ತು. ನಡುವೆ ಒಂದು ಕಡೆ ರೆಕ್ಕೆಯ ನರ ಜಿಗಿಯಿತು.

ಹಿಂದಕ್ಕೆ ಸರಿಸಿದೆ. ಮುಂದಕ್ಕೆ ಸರಿಸಿದೆ. ಮತ್ತೆ ಜಿಗಿಯಿತು.

ರೆಕ್ಕೆಯ ಮುಂದಿನ ಅಂಚಿನ ಬಳಿ ಎರಡು ಉದ್ದ ನರಗಳು ಒಂದರ ಕೆಳಗೊಂದು ತುದಿಯ ಕಡೆಗೆ ಹೋಗುತ್ತವೆ. ಹೆಚ್ಚಿನ ನೊಣಗಳಲ್ಲಿ ಆ ಎರಡೂ ಅಂಚು ಮುಟ್ಟುವ ಮೊದಲೇ ಕೂಡಿಕೊಂಡು, ಒಂದು ಗಿಡ್ಡ ತೊಟ್ಟಾಗಿ, ಆಮೇಲೆ ಅಂಚು ಸೇರಿದ್ದವು. ಜಿಗಿದ ಫೋಟೋದಲ್ಲಿ ತೊಟ್ಟಿಲ್ಲ. ಎರಡೂ ನರ ತಮ್ಮ ತಮ್ಮ ದಾರಿಯಲ್ಲಿ ಬೇರೆ ಬೇರೆಯಾಗಿಯೇ ಅಂಚು ಮುಟ್ಟಿದ್ದವು. ಎಣಿಸಿದೆ, ಅಂಥವು ಹನ್ನೊಂದು. ಒಂದು ಬಳ್ಳಿಯ ಎಲೆಯಲ್ಲಿ ಸಣ್ಣ ದೊಡ್ಡ ಇರಬಹುದು, ಬಣ್ಣ ಹೆಚ್ಚು ಕಡಿಮೆ ಇರಬಹುದು, ನರದ ನಡೆ ಬದಲಾಗುವುದಿಲ್ಲ. ಇದು ಬೇರೆ ಬಳ್ಳಿಯದು!

ಶನಿವಾರ ಆಕೆ ಚಪ್ಪಲಿ ಬಿಡುವ ಮೊದಲೇ ತೋರಿಸಿದೆ. ಆಕೆ ಭೂತಗನ್ನಡಿ ಹಿಡಿದು ನೋಡಿದಳು, ಮತ್ತೆ ನೋಡಿದಳು, "ಅಜ್ಜಾ, ಹೌದ್ ನೋಡು!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ನೋಟಬುಕ್ಕು ತೆಗೆದು ನಂಬರು ಹುಡುಕತೊಡಗಿದಳು. ಮುಖದ ಬಣ್ಣ ಇಳಿಯಿತು.

"ಅಜ್ಜಾ, ಹಳೇ ಫೋಟೋ ಎಲ್ಲೆದಾವ?"

"ಯಾವ ಹಳೇವು?"

"ನೀ ತಿರುಗಿಸೂಕ್ಕಿಂತ ಮೊದಲಿನ್ವು. ಇವಕ್ಕ ಎಲ್ಲಾ ಹೊಸಾ ನಂಬರ್ ಬಂದಾವು. ತಾರೀಖೂ ಈ ವಾರದ್ದ ಬಂದೈತಿ."

"ಅಳಿಸಿದೆ. ಜಾಗ ಇಲ್ಲಂತು ಅದು."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಟ್ಟೆಯ ಮೇಲೆ ಕುಳಿತು, "ತಪ್ಪು ನಂದ. ನಾ ಒಂದ್ ಪ್ರತಿ ಇಟಗೋಬೇಕಿತ್ತು" ಅಂದಳು. ಆಗ ನನಗೆ ಅರ್ಥವಾಯಿತು. ನಂಬರು ಹೋಯಿತು ಎಂದರೆ ಯಾವ ನೊಣ ಯಾವ ಊರಿನದು, ಯಾವ ದಿನದ್ದು ಎಂಬುದೇ ಹೋಯಿತು. ನೋಟಬುಕ್ಕು ಒಂದು ಕಡೆ, ಫೋಟೋ ಇನ್ನೊಂದು ಕಡೆ, ನಡುವಿನ ಗಂಟು ನಾನು ಬಿಚ್ಚಿ ಎಸೆದಿದ್ದೆ.

ಆಕೆಯ ಗೈಡ್ ಮೇಡಂಗೆ ಫೋನು ಹಚ್ಚಿದಳು. ನನಗೂ ಕೇಳುವ ಹಾಗೆ ಇಟ್ಟಳು. ಮೇಡಂ ಪೂರ್ತಿ ಕೇಳಿಸಿಕೊಂಡರು.

"ನೋಡವಾ, ತಾರೀಖಿಲ್ಲ, ಊರಿಲ್ಲ. ಎಡಾ ಇದ್ದದ್ದು ಬಲಾ ಆಗೇತಿ. ಇದನ್ನ ಪುರಾವೆ ಅಂತ ನಾ ಹೆಂಗ ಒಪ್ಪಲಿ?"

"ಹೌದ್ರಿ ಮೇಡಂ."

"ಫೋಟೋದ ಭಾಗಾನ ತಗದಬಿಡು."

"ಅದನ್ನ ತಗದ್ರ ಉಳಿಯೂದು ಮುನ್ನುಡಿ ಅಷ್ಟರಿ."

ಆಮೇಲೆ ಮೇಡಂ ಕೇಳಿದರು, "ಆ ನರದ ಫರಕ್ ಯಾರು ನೋಡಿದ್ದು?"

"ನಮ್ಮಜ್ಜ. ಫೋಟೋ ತಿರುಗಿಸಿದವ್ರೂ ಅವ್ರ ರಿ."

ಮೇಡಂ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಮೂರ ವಾರ ಕೊಡ್ತೇನಿ. ಎರಡೂ ನೊಣದ್ದು ಹೊಸಾ ಫೋಟೋ ಬೇಕು. ಮುಖ, ಕಣ್ಣು, ರೆಕ್ಕಿ ನರ, ಸ್ವಚ್ಛ ಕಾಣಬೇಕು. ಒಂದನ್ನೂ ಮುಟ್ಟಿರಬಾರದು. ತಂದ್ರ ಫೋಟೋದ ಭಾಗ ಇರ್ಲಿ, ನಿನ್ನ ಕೆಲಸಾನೂ ಇರ್ಲಿ. ಇಲ್ಲಾಂದ್ರ ಬ್ಯಾರೆ ವಿಷಯ ತಗೊಂಡು ಮುಂದಿನ ವರ್ಷ."

ಮುಂದಿನ ವರ್ಷ! ಆ ರಾತ್ರಿ ಅನ್ನ ಇಳಿಯಲಿಲ್ಲ. ಮೊಮ್ಮಗಳು ನಾಲ್ಕೂ ತಾಲೂಕಿಗೆ ಮತ್ತೆ ಓಡಬೇಕೆಂದು ಬಸ್ಸಿನ ಲೆಕ್ಕ ಹಾಕುತ್ತಿದ್ದಳು. ನಾನು ಮರುದಿನ ಬೆಳಿಗ್ಗೆ ಹೇಳಿದೆ, "ನಾಕ ಕಡೆ ಓಡಿದ್ರ ನಾಕೂ ಕಡೆ ಅರ್ಧಮರ್ಧ ಆಕ್ಕೇತಿ. ತೊಟ್ಟಿನ ನೊಣಾ ನಮ್ಮೂರ ಎಲಿ ತೋಟದ ಕಾಲಿವ್ಯಾಗೂ ಐತಿ. ನಮಗ ಬೇಕಾದ್ದು ಇನ್ನೊಂದು. ಅದು ಎಲ್ಲಿಂದಂತ ಗೊತ್ತಾದ್ರ ಅಲ್ಲೇ ಹೋಗಿ ಕುಂದ್ರೂದು. ಉಳಿದದ್ದು ಬಿಟ್ಟಬಿಡೋಣು."

"ಎಲ್ಲಿಂದಂತ ಹೆಂಗ ಗೊತ್ತಾಗಬೇಕ ಅಜ್ಜಾ? ನಂಬರ್ ಇಲ್ಲಲ್ಲ."

ಹನ್ನೊಂದು ಫೋಟೋಗಳನ್ನು ಮತ್ತೆ ಹರಡಿಕೊಂಡು ಕುಳಿತೆವು. ಅಂಚು ಕತ್ತರಿಸಿದ್ದರಿಂದ ಹೊಲವಿಲ್ಲ, ಬದುವಿಲ್ಲ, ನೊಣ ಕುಳಿತ ಎಲೆ ಒಂದಿಷ್ಟು ಕಾಣುತ್ತಿತ್ತು. ನೆಲಕ್ಕೆ ಹಬ್ಬಿದ ಸಣ್ಣ ಎಲೆ, ಎದುರುಬದುರು ಜೋಡಿ, ಬುಡದಲ್ಲಿ ಬಿಳಿ ಹೂವಿನ ಉಂಡೆ. ವೀಳ್ಯದೆಲೆ ಬಿಟ್ಟರೆ ನನಗೆ ಮಿಕ್ಕ ಎಲೆ ಎಲ್ಲ ಸೊಪ್ಪು. ಹೆಂಡತಿ ಚಹಾ ತಂದಿಟ್ಟು, ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನ್ ನಮ್ಮ ಹೊನಗೊನ್ನಿ ಮ್ಯಾಲೆ ಕುಂತೇತಿ?"

"ಏನದು?"

"ಹೊನಗೊನ್ನಿ ಸೊಪ್ಪರಿ. ಎಲಿ ನೋಡೂದ್ರಾಗ ಭಾಳ ಶ್ಯಾಣ್ಯಾ ಅಂತೀರಿ, ತಿಂದ ಸೊಪ್ಪಿನ ಗುರ್ತಿಲ್ಲ. ಮಾಸೂರಿಗೆ ಹೋದಾಗ ಕೆರಿ ದಂಡಿಯಿಂದ ಚೀಲದ ತುಂಬ ಕೊಯ್ಕೊಂಡು ಬಂದಿದ್ರೆಲ್ಲ. ಬ್ಯಾಳಿ ಹಾಕಿ ಪಲ್ಯ ಮಾಡಿದ್ದಿಲ್ಲೇನ?"

ಮೊಮ್ಮಗಳು ಎದ್ದು ತನ್ನ ಅಜ್ಜಿಯ ಗಲ್ಲಕ್ಕೆ ಮುತ್ತು ಕೊಟ್ಟಳು. ಹನ್ನೊಂದಕ್ಕೆ ಹನ್ನೊಂದೂ ಅದೇ ಸೊಪ್ಪಿನ ಮೇಲೆ. ಬೇರೆ ಯಾವ ಊರಿನಲ್ಲೂ ನಾವು ಹೊನಗೊನ್ನೆಯ ಹತ್ತಿರ ಫೋಟೋ ತೆಗೆದಿರಲಿಲ್ಲ. ನೋಟಬುಕ್ಕಿನಲ್ಲಿ ಅದರ ಹೆಸರೇ ಇಲ್ಲ, ಮಾಸೂರಿನ ಪುಟದಲ್ಲಿ ಮಾತ್ರ 'ನೆಲಕ್ಕೆ ಹಬ್ಬಿದ ಬಿಳಿ ಹೂ' ಎಂದು ಬರೆದಿತ್ತು. ಮೂರು ವಾರವನ್ನೂ ಮದಗದ ಕೆರೆಗೇ ಕೊಡುವುದೆಂದು ತೀರ್ಮಾನವಾಯಿತು.

ಮೊದಲು ಎರಡು ದಿನ ನಮ್ಮೂರಿನ ತೋಟದಲ್ಲಿ ತೊಟ್ಟಿನ ನೊಣದ ಕೆಲಸ ಮುಗಿಸಿದೆವು. ತೋಟದ ಸಾಹೇಬರು ಬದುವಿನ ಮೇಲೆ ನಿಂತು, "ಏನ್ರಿ ಕಾಕಾ, ಎಲಿ ಬಿಟ್ಟು ನೊಣಕ್ಕ ಬಿದ್ರೇನು? ಅದರ ಕಟ್ಟು ಎಷ್ಟಕ್ಕ ಹೋಕ್ಕೇತಿ?" ಎಂದು ಚೇಷ್ಟೆ ಮಾಡಿದರು. ಆದರೂ ಕಾಲುವೆಯ ನೀರು ಕದಡದಂತೆ ಆಳುಗಳನ್ನು ಆಚೆ ಕಳಿಸಿದರು. ಹತ್ತಿರದಿಂದ ಮುಖ ತೆಗೆದಾಗ ಒಂದು ಹೊಸ ಸಂಗತಿ ಕಂಡಿತು. ಆ ನೊಣದ ಕಣ್ಣುಗಳ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಯಾರೋ ಸೂಜಿಮೊನೆಯಿಂದ ಇಟ್ಟ ಹಾಗೆ. ಮೊದಲ ಸಲ ನಮ್ಮ ಫೋಟೋಗಳಲ್ಲಿ ಕಣ್ಣು ಮಸುಕಾಗಿತ್ತು.

"ಇನ್ನೊಂದಕ್ಕ ಈ ಚುಕ್ಕಿ ಇರಲಿಲ್ಲಾಂದ್ರ ಗೆದ್ವಿ ಅಜ್ಜಾ" ಅಂದಳು ಮೊಮ್ಮಗಳು.

ಮಾಸೂರು ಹತ್ತಿರವಲ್ಲ. ಹಾವೇರಿಗೆ ಹೋಗಿ, ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಹನ್ನೊಂದಾಗಿತ್ತು. ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಹೊನಗೊನ್ನೆ ಇತ್ತು, ಹೂವು ಇತ್ತು, ನೊಣ ಕುಳಿತರೆ ತಾನೆ? ಬಂದವು ಗಾಳಿಗೆ ಹೊರಳಿ ಹೋದವು. ಮೊದಲ ದಿನ ಒಂದೂ ಸಿಗಲಿಲ್ಲ. ಮತ್ತೆ ಹೋದ ದಿನ ಮೋಡ. ಕೆಸರಿನಲ್ಲಿ ನನ್ನ ಕಾಲು ಮೊಣಕಾಲವರೆಗೆ ಹೂತು ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮೊಮ್ಮಗಳು ನಗಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಮಾತ್ರ ಮಾಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಬರಿಗಾಲಲ್ಲಿ ಕುಳಿತು, ಈ ಕೈ ಕಡಿದು ಹಾಕಿದರೆ ಸರಿ ಅಂದುಕೊಂಡೆ.

ಮೂರನೆಯ ಸಲ ಹೋದಾಗ ಕೆರೆಯ ಕೆಳಗಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಹೆಣ್ಣುಮಗಳು ಕೂಗಿದಳು.

"ಏನ್ ಕಳಕೊಂಡೀರಿ ಯಜಮಾನ್ರ? ಬಂದಾಗೊಮ್ಮೆ ನೆಲಾ ನೋಡಕೋಂತ ಅಡ್ಯಾಡತೀರಿ."

"ನೊಣಾ ಹುಡಕಾಕತ್ತೇವಿ ಯವ್ವಾ."

ಆಕೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ನಮ್ಮನಿಗೆ ಬರ್ರಿ, ಬೇಕಾದಷ್ಟ ಅದಾವ. ಚಾದ ಜೋಡಿ ಕೊಡ್ತೇನಿ."

ಮೊಮ್ಮಗಳು ಹಳೆಯ ಫೋಟೋ ತೋರಿಸಿದಳು. ಆಕೆ ಕೈ ಒರೆಸಿಕೊಂಡು ನೋಡಿ, ನಗು ನಿಲ್ಲಿಸಿದಳು. "ಅಯ್ಯ, ಇವೇನು? ಸೊಪ್ಪ ಕೊಯ್ಯಾಕ ಬಂದಾಗ ದಿನಾ ನೋಡ್ತೇನಲ್ಲ. ಮುಂಜಾನೆ ಎಳೀ ಬಿಸಲ ಬೀಳೂದಕ್ಕ ಎಲಿ ಮ್ಯಾಲೆ ರೆಕ್ಕಿ ಕಾಸಕೋಂತ ಕುಂತಿರತಾವ. ಥಂಡ್ಯಾಗ ಮೈ ಮರಗಟ್ಟಿರತೈತಿ, ಕೈ ಒಯ್ದ್ರೂ ಏಳಂಗಿಲ್ಲ. ಒಂಬತ್ತೂವರಿ ದಾಟಿದ್ರ ಮುಗೀತು. ನೀವು ಹನ್ನೊಂದಕ್ಕ ಬಂದ್ರ ಯಾರ ಸಿಗ್ತಾರ?"

ಮುಂಜಾನೆ ಆ ಹೊತ್ತಿಗೆ ಸವಣೂರಿನಿಂದ ಬರಲು ಬಸ್ಸಿಲ್ಲ ಎಂದೆ. "ಬಸ್ ಯಾಕ? ನಮ್ಮ ಪಡಸಾಲ್ಯಾಗ ಮಲಗ್ರಿ. ಅಜ್ಜ ಮೊಮ್ಮಗಳು ನೊಣಕ್ಕ ಬಂದು ಬರಿಗೈಲೆ ಹೋದ್ರ ನಮ್ಮೂರಿಗೆ ಚಲೋ ಅಲ್ಲ" ಅಂದಳು. ಅವತ್ತು ಅವಳ ಮನೆಯಲ್ಲೇ ಉಂಡು ಉಳಿದೆವು.

ಮರುದಿನ ಏಳೂವರೆಗೆ ಕೆರೆಯ ದಂಡೆಯಲ್ಲಿದ್ದೆವು. ಬಿಸಿಲು ಬಿತ್ತು. ಹೊನಗೊನ್ನೆಯ ಮೇಲೆ ಅವಳು ಹೇಳಿದ ಹಾಗೆಯೇ, ಅರ್ಧ ರೆಕ್ಕೆ ತೆರೆದು ಕುಳಿತಿದ್ದವು! ಎರಡು, ಮೂರು, ಅಗೋ ಅಲ್ಲಿ ನಾಲ್ಕನೆಯದು. ಮೊಮ್ಮಗಳು ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಮುಖ ಸಿಕ್ಕಿತು. ಕಣ್ಣು ನುಣ್ಣಗೆ, ಒಂದೇ ಬಣ್ಣ, ಒಂದು ಚುಕ್ಕೆಯಿಲ್ಲ. ಆದರೆ ರೆಕ್ಕೆ ಮೋಸ ಮಾಡಿತು. ಬೆನ್ನಿಗೆ ಬಿಸಿಲಿಟ್ಟುಕೊಂಡು ಮೇಲಿನಿಂದ ತೆಗೆದರೆ ರೆಕ್ಕೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನರ ಕಾಣುತ್ತಿರಲಿಲ್ಲ. ಹತ್ತು ಸಲ ಒತ್ತಿದಳು, ಹತ್ತೂ ಬಿಳಿ.

"ಯವ್ವಾ, ಅನುಮಾನ ಇದ್ದ ಎಲಿ ಹೆಂಗ ನೋಡ್ತಾರ?" ಎಂದೆ ಮೆಲ್ಲಗೆ.

"ಈಗ ಎಲಿ ಸುದ್ದಿ ಯಾಕ ಅಜ್ಜಾ?"

"ಬೆಳಕಿಗೆ ಅಡ್ಡಾ ಹಿಡಿತಾರ. ನೀ ಆ ಕಡೆ ಹೋಗು. ನೊಣಾ ನಡು ಬರ್ಲಿ, ಸೂರ್ಯಾ ಅದರ ಹಿಂದಿರ್ಲಿ."

ಬಿಸಿಲು ಬೆನ್ನಿಗಿರಬೇಕೆಂದು ಆಕೆಗೆ ಕಲಿಸಿದ ಕ್ರಮಕ್ಕೆ ಇದು ಪೂರ್ತಿ ಉಲ್ಟಾ. ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಸುತ್ತು ಹಾಕಿ ಆಚೆ ಹೋದಳು. ನರ ಕಂಡವು, ಆದರೆ ಹಿಂದಿನ ನೀರಿನ ಹೊಳಪಿನಲ್ಲಿ ಕಲಸಿಹೋದವು. ನನ್ನ ಹತ್ತಿರ ಕರಿ ಕೊಡೆ ಇತ್ತು. ಅದನ್ನು ದೂರದಲ್ಲೇ ಬಿಚ್ಚಿದೆ, ಹತ್ತಿರದಲ್ಲಿ ಬಿಚ್ಚಿದರೆ ಸಪ್ಪಳಕ್ಕೆ ಎಲ್ಲ ಎದ್ದು ಹೋಗುತ್ತವೆ. ಮಗ್ಗುಲಾಗಿ ನೆಲದ ಮೇಲೆ ಸರಿಸುತ್ತ ಸರಿಸುತ್ತ ನೊಣದ ಆಚೆಗೆ, ಬಿಸಿಲಿಗೆ ಅಡ್ಡ ಬಾರದ ಹಾಗೆ ಓರೆಯಾಗಿ ನಿಲ್ಲಿಸಿದೆ. ನೊಣದ ರೆಕ್ಕೆಯ ಹಿಂದೆ ಈಗ ಕರಿ ಬಟ್ಟೆ, ರೆಕ್ಕೆಯ ಮೇಲೆ ಓರೆ ಬಿಸಿಲು. ನಾನು ಕೊಡೆಯ ಹಿಡಿಕೆ ಹಿಡಿದು ಕೆಸರಿನಲ್ಲಿ ಕುಳಿತೆ. ಕಾಲು ಜೋಮು ಹಿಡಿಯಿತು. ಒಂದು ಇರುವೆ ಕುತ್ತಿಗೆ ಏರಿ ಕಿವಿಯವರೆಗೆ ಹೋಯಿತು. ಕದಲಲಿಲ್ಲ.

ಟಿಕ್. ಟಿಕ್. ಟಿಕ್.

ಮೊಮ್ಮಗಳು ಮೊಬೈಲನ್ನು ನೋಡಿದಳು. ನನ್ನ ಕಡೆಗೆ ತಿರುಗಿಸಿ ಹಿಡಿದಳು. ಕರಿ ಹಲಗೆಯ ಮೇಲೆ ಗೆರೆ ಎಳೆದ ಹಾಗೆ ಒಂದೊಂದು ನರವೂ ನಿಚ್ಚಳವಾಗಿ ಕಾಣುತ್ತಿತ್ತು. ಎರಡು ಉದ್ದ ನರ, ನಡುವೆ ಜಾಗ, ಎರಡೂ ಬೇರೆ ಬೇರೆಯಾಗಿ ಅಂಚು ಮುಟ್ಟಿವೆ. ನೊಣದ ತಲೆ ಕೆಳಗಿತ್ತು. ನನ್ನ ಹೆಬ್ಬೆರಳು ತಿರುಗಿಸುವ ಗುರುತಿನ ಕಡೆಗೆ ಹೊರಟಿತು.

"ಅಜ್ಜಾ!!"

ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಆ ಕೂಗಿಗೆ ಕೆರೆಯ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಗದ್ದೆಯ ಹೆಣ್ಣುಮಗಳು ಓಡಿ ಬಂದು, "ಏನಾತು, ಹಾವೇನು?" ಎಂದು ಕೇಳಿದಳು. ಮೊಮ್ಮಗಳು ಅವಳನ್ನೂ ಕೆಸರು ಸಮೇತ ಅಪ್ಪಿಕೊಂಡಳು.

ಇನ್ನೆರಡು ಮುಂಜಾನೆ ಅಲ್ಲೇ ಕಳೆದು, ಬೇರೆ ಬೇರೆ ನೊಣಗಳವು, ಮುಖ, ಮಗ್ಗುಲು, ರೆಕ್ಕೆ, ಎಲ್ಲ ತೆಗೆದೆವು. ಈ ಸಲ ನಂಬರು ನಾನೇ ಬರೆದೆ. ಬಸ್ಸು ಹತ್ತುವ ಮೊದಲೇ ಆಕೆ ಎರಡು ಕಡೆ ಪ್ರತಿ ಮಾಡಿಟ್ಟಳು. ಗಡುವಿಗೆ ನಾಲ್ಕು ದಿನ ಇರುವಾಗ ಮೇಡಂಗೆ ಕಳಿಸಿದೆವು. ಮೇಡಂ ನೋಡಿ, "ನನಗ ಖಾತ್ರಿ ಐತಿ, ಆದ್ರ ನನ್ನ ಖಾತ್ರಿ ಸಾಲಂಗಿಲ್ಲ" ಎಂದು ನೊಣ ಬಲ್ಲ ಆ ಹಿರಿಯರಿಗೆ ಕಳಿಸಿದರು. ಹನ್ನೊಂದು ದಿನ ಸುದ್ದಿಯಿಲ್ಲ. ಮೊಮ್ಮಗಳು ಊಟಕ್ಕೆ ಕುಳಿತರೂ ಎಡಗೈಯಲ್ಲಿ ಮೊಬೈಲು. ತಿಂದಳೋ ಬಿಟ್ಟಳೋ ಅವಳಿಗೇ ಗೊತ್ತಿಲ್ಲ. ನಾನು ತುತ್ತು ಎಣಿಸುತ್ತಿದ್ದೆ, ಮೂರಕ್ಕಿಂತ ಹೆಚ್ಚಿಲ್ಲ.

ನಿನ್ನೆ ಆ ಪತ್ರ ಬಂತು. ಲ್ಯಾಟಿನ್ನಿನಲ್ಲಿ ಎರಡು ಹೆಸರು ಬರೆದಿದ್ದಾರೆ, ನನ್ನ ನಾಲಿಗೆ ಹೊರಳುವುದಿಲ್ಲ. ಅಂಚು ಮುಟ್ಟಿದ ನರದ ನೊಣ ಈ ಕಡೆಯ ತಾಲೂಕುಗಳಿಂದ ತಮ್ಮ ಪಟ್ಟಿಯಲ್ಲಿ ಇದುವರೆಗೆ ಇರಲಿಲ್ಲ, ಈಗ ಸೇರಿಸಿಕೊಳ್ಳುತ್ತೇವೆ ಅಂದಿದ್ದಾರೆ. ರೆಕ್ಕೆಯ ಫೋಟೋ ಹೇಗೆ ತೆಗೆದಿರಿ ಎಂದೂ ಕೇಳಿದ್ದಾರೆ. ಮೇಡಂ ಫೋನು ಮಾಡಿದರು. ಈ ಸಲ ಫೋನು ಅಜ್ಜನಿಗೇ ಕೊಡು ಅಂದರಂತೆ.

"ಅಜ್ಜಾರ, ನಮ್ಮ ಉಳಿದ ಹುಡುಗರಿಗೂ ಆ ಕೊಡಿ ಹಿಡಿಯೂದು ಕಲಸ್ತೀರೇನು?"

"ಕಲಸ್ತೇನ್ರಿ ಮೇಡಂ. ಕೊಡಿ ಅವ್ರ ತರಲಿ" ಎಂದೆ.

ಸಂಜೆ ಮಗ ಅಂಗಡಿಗೆ ಬೇಗ ಬೀಗ ಹಾಕಿ ಬಂದ. ಸೊಸೆ ಹೋಳಿಗೆಗೆ ಕಡಲೆಬೇಳೆ ಹಾಕಿದ್ದಳು, ಹೆಂಡತಿ ರೊಟ್ಟಿ ಬಡಿದು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಪಡಸಾಲೆಯಲ್ಲಿ ದುಂಡಗೆ ಕುಳಿತೆವು. ಬಡಿಸುವವರೂ ಜೊತೆಗೇ ಕೂರಬೇಕೆಂದು ಮೊಮ್ಮಗಳು ಹಟ ಹಿಡಿದಳು, ಹಾಗಾಗಿ ಪಾತ್ರೆಗಳೆಲ್ಲ ನಡುವೆ ಬಂದವು. ಮೊಬೈಲು ಒಳಗೆ ಗೋಡೆಯ ಮಾಡಿನಲ್ಲಿತ್ತು. ಆಕೆ ಮೊದಲ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಿಂದಳು, ಎರಡನೆಯದನ್ನೂ ತಿಂದಳು, ಮೂರನೆಯದಕ್ಕೆ ತಾನೇ ಕೈ ಚಾಚಿದಳು. ನನ್ನ ಮಗ ನೋಡಿ, "ಅಕಿಗೆ ಇನ್ನೊಂದ್ ಹಾಕ್ರಿ, ತಾಟ ಖಾಲಿ ಆಗೇತಿ" ಅಂದ.

ಹೆಂಡತಿ ಕೇಳಿದಳು, "ಅಲ್ಲಾ, ಇಷ್ಟ ಕುಣದ್ರಿ, ಆ ನರ ಅನ್ನೂದು ಎಲ್ಲಿಂದ ಎಲ್ಲಿಗೆ ಹೋಕ್ಕೇತಿ, ನನಗ ಒಬ್ರರ ಸರಿಯಾಗಿ ತಿಳಿಸಿ ಹೇಳೀರೇನು?"

ನಾನು ರೊಟ್ಟಿಯನ್ನು ರೆಕ್ಕೆಯ ಹಾಗೆ ಮುರಿದು, ಅದರ ಮೇಲೆ ಎಣ್ಣೆಗಾಯಿಯ ರಸದಿಂದ ಎರಡು ಗೆರೆ ಎಳೆದು ಹೇಳಲು ಬಾಯಿ ತೆರೆದೆ.

"ಮೊದಲ ಬಾಯಾಗಿಂದು ನುಂಗ್ರಿ" ಅಂದಳು.

ನುಂಗಿದೆ. ಗೆರೆಗಳನ್ನು ರೊಟ್ಟಿಯ ಅಂಚಿನವರೆಗೆ ಎಳೆದು ತೋರಿಸಿದೆ. ಎಲ್ಲರೂ ಊಟ ನಿಲ್ಲಿಸಿ ಬಗ್ಗಿ ನೋಡಿದರು. ಮೊಮ್ಮಗಳು ಮಾತ್ರ ತಿನ್ನುತ್ತಲೇ ಇದ್ದಳು.